ಹರಳು ಗಿಡದ ಪತಂಗ ಬಾಯಿ ಹೊಲಿಸಿಕೊಂಡದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಊರಿಗೆಲ್ಲ ಒಂದೇ ಒಂದು ಹರಳು ಗಿಡ, ಅದರಲ್ಲಿ ನಾಲ್ಕಾರು ಎಲೆ. ಆಗ ಪತಂಗಕ್ಕೂ ಬಾಯಿ ಇತ್ತು, ಕೇಳು ಮಗಾ ತುಂಗಾ. ನಿನ್ನದರ ಹಾಗೇ, ಸುಮ್ಮನಿರದ ಬಾಯಿ.

ಒಂದು ತಾಯಿ ಪತಂಗ ಆ ಗಿಡದಲ್ಲಿ ಮೊಟ್ಟೆಯಿಟ್ಟಿತು. ಕೂಸಿಗೆ ತುತ್ತು ಕೊಡುವ ಮೊದಲು ತಾಯಂದಿರು ತಾವು ರುಚಿ ನೋಡುತ್ತಾರಲ್ಲ, ಬಿಸಿಯೋ ಕಹಿಯೋ ಅಂತ? ನಿನ್ನಮ್ಮನಿಗೆ ನಾನೂ ಹಾಗೇ ಉಣಿಸಿದ್ದು. ಪತಂಗವೂ ಹಾಗೇ ಒಂದು ಎಲೆ ಕಚ್ಚಿ ನೋಡಿತು. ಚೆನ್ನಾಗಿತ್ತು. ಪಕ್ಕದ್ದು ಹೇಗೋ ಏನೋ ಅಂತ ಅದನ್ನೂ ಕಚ್ಚಿತು.

"ಸಾಕು ಕಣಮ್ಮ, ಇರೋದೇ ಇಷ್ಟು," ಅಂದಿತು ಹರಳು ಗಿಡ.

"ರುಚಿ ನೋಡ್ತಿದೀನಿ, ಅಷ್ಟೆ."

"ಸಾಕು ಕಣಮ್ಮ," ಅಂದಿತು ಗಾಳಿ.

"ರುಚಿ ನೋಡ್ತಿದೀನಿ, ಅಷ್ಟೆ."

ದುರಾಸೆಯಲ್ಲ, ಮಮತೆಯೇ. ಆದರೆ ಎಲೆ ಖಾಲಿಯಾಗುವುದೇನು ತಪ್ಪಿತೇ?

ಮೊಟ್ಟೆಯೊಡೆದು ಮರಿಹುಳುಗಳು ಬಂದಾಗ ಗಿಡದಲ್ಲಿ ಬರೀ ಕಡ್ಡಿ. "ಅಮ್ಮಾ, ಊಟ ಎಲ್ಲಿ?" ಅಂತ ಕಡ್ಡಿಯಿಂದ ಕಡ್ಡಿಗೆ ತೆವಳಿದವು. ಸಂಜೆಯೊಳಗೆ ಮರಿಗಳು ಒಂದೊಂದಾಗಿ ಉದುರಿ ಸತ್ತವು.

ತುದಿಯಲ್ಲಿ ಆಗಷ್ಟೇ ಒಡೆದ ಚಿಗುರು ಸಿಕ್ಕಿ ಒಂದು ಮರಿ ಮಾತ್ರ ಬದುಕಿತು. ಬೆಳೆಯಿತು, ಬಾಯಿಂದ ನೂಲು ತೆಗೆದು ಗೂಡು ಕಟ್ಟಿತು, ಒಳಗೆ ಮಲಗಿತು, ರೆಕ್ಕೆ ಮೂಡಿ ಪತಂಗವಾಗಿ ಹೊರಬಂತು. ಅಷ್ಟರಲ್ಲಿ ಗಿಡವೂ ಮತ್ತೆ ಎಲೆ ಬಿಟ್ಟಿತ್ತು. ಮೊಟ್ಟೆಯಿಡುವ ಹೊತ್ತಿಗೆ ಇದರ ಬಾಯಲ್ಲೂ ನೀರೂರಿತು. ಒಂದೇ ಒಂದು ಎಲೆ ರುಚಿ ನೋಡಲೇ ಅನ್ನಿಸಿತು. ಕೂಡಲೇ ಒಡಹುಟ್ಟಿದವರು ಉದುರಿದ್ದು ನೆನಪಾಯಿತು.

ತನ್ನ ಹಳೇ ಗೂಡಿನಿಂದ ಒಂದೆಳೆ ನೂಲು ಎಳೆದು ತಂದು, "ಗಾಳಿಯಣ್ಣ, ನನ್ನ ಬಾಯಿ ಹೊಲಿದುಬಿಡು," ಅಂದಿತು.

"ಹೊಲಿದರೆ ಬಿಚ್ಚೋಕಾಗಲ್ಲ ತಾಯಿ. ಹಸಿದು ಸಾಯ್ತೀಯ. ಮಕ್ಕಳ ಮುಖಾನೂ ನೋಡಲ್ಲ."

"ಅವು ಉಣ್ಣಲಿ. ನೀನು ಹೊಲಿ."

ಗಾಳಿ ಅಳುತ್ತಲೇ ಹೊಲಿಯಿತು.

ಪತಂಗ ಮೊಟ್ಟೆಯಿಟ್ಟು ಪಕ್ಕದಲ್ಲೇ ಕೂತಿತು. ಹಸಿವಾದರೂ ಕದಲಲಿಲ್ಲ. ಮರಿಗಳು ಹೊರಬರುವ ಮೊದಲೇ ಜೀವ ಹೋಯಿತು. ಎಲೆ ಒಂದೂ ಹರಿದಿರಲಿಲ್ಲ. ಮರಿಗಳು ಹೊಟ್ಟೆ ತುಂಬ ತಿಂದವು. ಅಮ್ಮ ಎಲ್ಲಿ ಅಂತ ಒಂದೂ ಕೇಳಲಿಲ್ಲ. ಅವಕ್ಕೇನು ಗೊತ್ತು?

ಅವತ್ತಿನಿಂದ ಹರಳು ಗಿಡದ ಪತಂಗಕ್ಕೆ ಉಣ್ಣುವ ಬಾಯಿಲ್ಲ. ನಮ್ಮ ಹಿತ್ತಲಲ್ಲಿ ಹುಳುಗಳು ಎಲೆಯನ್ನೆಲ್ಲ ಜರಡಿ ಮಾಡುತ್ತಿರುವಾಗ ಗಿಡದ ಬುಡದಲ್ಲಿ ಒಂದು ಪತಂಗ ರೆಕ್ಕೆ ಹರಡಿ ಬಿದ್ದಿರುತ್ತಲ್ಲ, ಅದರ ಹೊಟ್ಟೆಯಲ್ಲಿ ಒಂದು ತುತ್ತೂ ಇರುವುದಿಲ್ಲ ಮಗಾ.