ಯಂತ್ರದ ಕೋಣೆಯ ತಂಪು

“ಗುರುಗಳೇ, ನಾನು ಯಾರಿಗೂ ಕೇಡು ಬಯಸಿದವನಲ್ಲ. ಅಷ್ಟು ಸಾಲದೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳ ಮುಖ ಕೆಂಪಾಯಿತು. “ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೂತು ಕೇಳು” ಎಂದು ಹೇಳತೊಡಗಿದರು.

ಬಿಸಿಲು ಸೀಮೆಯ ಒಂದು ಊರಿನಲ್ಲಿ ಧರ್ಮಾಸ್ಪತ್ರೆಯಿತ್ತು. ರೋಗಿಗಳ ವಿವರವೆಲ್ಲ ಒಂದು ಸಣ್ಣ ಕೋಣೆಯ ಸರ್ವರ್ ಯಂತ್ರದಲ್ಲಿತ್ತು; ವೈದ್ಯರ ಕಂಪ್ಯೂಟರಿಗೆ ಅದು ಅಲ್ಲಿಂದಲೇ ಬರಬೇಕು. ಆ ಯಂತ್ರ ಕಾದರೆ ನಿಂತುಬಿಡುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಆಸ್ಪತ್ರೆಯಲ್ಲಿ ಹಣಕ್ಕೆ ಬಡತನ; ಹಳೆಯದೊಂದು ಎ.ಸಿ. ಕೊಟ್ಟು, ಇದರಲ್ಲೇ ಸುಧಾರಿಸು ಎಂದರು. ಅವಳು ಸುಧಾರಿಸಿದಳು. ಮಾಳಿಗೆಗೆ ಸುಣ್ಣ ಬಳಿಸಿದಳು. ಕಿಟಕಿಗೆ ರಟ್ಟು ಬಡಿದಳು. ಬಾಗಿಲ ಸಂದಿಗೆ ಹಳೆಯ ಸೀರೆಯ ಚೂರು ತುರುಕಿದಳು. ಉರಿ ಬೇಸಿಗೆಯಲ್ಲೂ ಕೋಣೆ ತಣ್ಣಗಿತ್ತು.

ಅದೇ ತಪ್ಪಾಯಿತು. ಮೊದಲು ಮೇಲ್ವಿಚಾರಕ ಬಂದ. ಸ್ವಲ್ಪ ಹೊತ್ತು ಕೂತು ಹೋಗುತ್ತೇನೆ ಎಂದ. ಮರುದಿನ ಅವನ ಕುರ್ಚಿಯೇ ಬಂತು. ಆಮೇಲೆ ಆಸ್ಪತ್ರೆಯ ಧರ್ಮದರ್ಶಿ ಊಟದ ಬುತ್ತಿ ತಂದ. ಅವನ ಹಿಂದೆ ನೆಂಟರು. ಬಾಗಿಲು ಮುಚ್ಚಿದ್ದಕ್ಕಿಂತ ತೆರೆದದ್ದೇ ಹೆಚ್ಚಾಯಿತು.

“ಮಷೀನಿಗೆ ಸೆಕಿ ಆಗ್ತದ್ರೀ. ದಯಮಾಡಿ ಹೊರಗ ಕೂಡ್ರಿ” ಎಂದಳು ಅವಳು.

“ತಗಡಿಗೇನ್ ಸೆಕಿ ತಂಗಿ? ಸೆಕಿ ಆಗೂದು ಮನಷ್ಯಾರಿಗೆ” ಎಂದು ಧರ್ಮದರ್ಶಿ ನಕ್ಕ. ಎಲ್ಲರೂ ನಕ್ಕರು. ಬಡವನ ಕೋಪ ದವಡೆಗೆ ಮೂಲ; ಅವಳು ಕಳಚಿ ಬಿದ್ದ ಸೀರೆಯ ಚೂರನ್ನು ಮತ್ತೆ ಬಾಗಿಲ ಸಂದಿಗೆ ತುರುಕಿದಳು.

ಆಸ್ಪತ್ರೆಯ ವಾರ್ಷಿಕೋತ್ಸವ ಬಂತು. ಧರ್ಮದರ್ಶಿಗೆ ಸನ್ಮಾನ. ಅವಳನ್ನೂ ಪೆಂಡಾಲಿನಲ್ಲಿ ಕುರ್ಚಿ ಹಾಕಿಸಲು ಅಟ್ಟಿದರು. ಹಾರ ಬಾಡಬಾರದೆಂದು ಯಾರೋ ಹೂವಿನ ಬುಟ್ಟಿಗಳನ್ನೆಲ್ಲ ತಂದು, ಎ.ಸಿ.ಯ ಗಾಳಿ ನೇರವಾಗಿ ತಾಕಲೆಂದು ಯಂತ್ರದ ಮುಂದೆಯೇ ಒಟ್ಟಿದರು. ತಂಪೆಲ್ಲ ಹೂವಿಗಾಯಿತು. ಯಂತ್ರ ಕಾದು ನಿಂತಿತು.

ಆ ಹೊತ್ತಿಗೆ ಕೂಲಿಯವನೊಬ್ಬ, ಜ್ವರದಿಂದ ಎಚ್ಚರ ತಪ್ಪಿದ ಹೆಂಡತಿಯನ್ನು ಹೊತ್ತು ತಂದ. “ಒಂದ್ ಸೂಜಿ ಈಕಿಗೆ ಆಗಿಬರೂದಿಲ್ರೀ. ಹ್ವಾದ ಸಲ ಸತ್ತು ಬದುಕ್ಯಾಳ. ಅದರ ಹೆಸರು ಕಂಪ್ಯೂಟರಿನ್ಯಾಗ ಬರದೀವಂತ ನೀವ ಹೇಳಿದ್ರಿ” ಎಂದು ವೈದ್ಯನಿಗೆ ಕೈಮುಗಿದ. ವೈದ್ಯ ನೋಡಿದ, ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ. ಕಾಯುವಂತಿರಲಿಲ್ಲ. ತನಗೆ ಸರಿಕಂಡ ಸೂಜಿಮದ್ದು ಕೊಟ್ಟ. ಕೊಡಬಾರದ್ದೇ ಅದಾಗಿತ್ತು. ಕೂಲಿಯವನ ಹೆಂಡತಿ ಸತ್ತಳು.

ಸಂಜೆ ಸನ್ಮಾನ ನಡೆಯಿತು. ಹಾರಗಳು ಒಂದಿಷ್ಟೂ ಬಾಡಿರಲಿಲ್ಲ. ಥೂ! ಮರುದಿನ ದೊಡ್ಡವರೆಲ್ಲ ಸಭೆ ಸೇರಿ, ಕೋಣೆಯನ್ನು ತಣ್ಣಗಿಡುವುದು ನಿನ್ನ ಹೊಣೆಯಾಗಿತ್ತು ಎಂದು ಆ ಹೆಂಗಸನ್ನೇ ಕೆಲಸದಿಂದ ತೆಗೆದರು. ಅವರಲ್ಲಿ ಒಬ್ಬನಿಗಾದರೂ ಅಂದು ಅನ್ನ ಗಂಟಲಲ್ಲಿ ನಿಲ್ಲಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಮೆಲ್ಲಗೆ, “ಆದರೂ ಗುರುಗಳೇ, ಅವರಲ್ಲಿ ಯಾರೂ ಕೇಡು ಬಯಸಿ ಬಂದವರಲ್ಲ” ಎಂದ.

“ಬಯಸಿ ಬಂದಿದ್ದರೆ ಅವಳು ಬಾಗಿಲನ್ನಾದರೂ ಹಾಕಿಕೊಳ್ಳುತ್ತಿದ್ದಳಲ್ಲೋ!” ಎಂದರು ಗುರುಗಳು.