ಪ್ರಿಂಟರ್ ಹಂಚಿದ ಶಿಷ್ಯ

ಹೊಳೆಯ ದಂಡೆಯ ಮಠದಲ್ಲಿ ಮೂರು ಕಂಪ್ಯೂಟರ್‌ಗಳಿದ್ದವು, ಪ್ರಿಂಟರ್ ಒಂದೇ. ಅದರ ವೈರು ಶಿಷ್ಯ ಮೃತ್ಯುಂಜಯನ ಕಂಪ್ಯೂಟರಿಗೆ ಸೇರಿತ್ತು.

ಒಂದು ಸಂಜೆ ಅವನು ಗುರುಗಳ ಮುಂದೆ ಬಂದು ಕೈಮುಗಿದ.

“ಅಜ್ಜಾರ, ಪ್ರಿಂಟರ್ ಎಲ್ಲಾರಿಗೂ ಹಂಚೀನ್ರಿ. ಇನ್ನ ಕಚೇರಿಯಿಂದಾನೂ ಪ್ರಿಂಟ್ ಕೊಡಬಹುದು, ಅಡಗಿಮನಿಯಿಂದಾನೂ ಕೊಡಬಹುದು.”

“ನಿನ್ನ ಕಡೆ ಏನ ಉಳೀತು?”

“ಏನೂ ಇಲ್ರಿ. ನನ್ನ ಕಂಪ್ಯೂಟರ್ ಚಾಲೂ ಇರಬೇಕು, ಅಷ್ಟ.”

ಗುರುಗಳು “ಹೂಂ” ಅಂದರು.

ಎಲ್ಲರೂ ಶಿಷ್ಯನನ್ನು ಹೊಗಳಿದರು, ಹೊಗಳಿಕೆ ತಲೆಗೇರಿತು. ತನ್ನನ್ನು ಕೇಳದೆ ಯಾರಾದರೂ ಪ್ರಿಂಟ್ ಕೊಟ್ಟರೆ ಅವನಿಗೆ ಸಿಟ್ಟು ಬರುತ್ತಿತ್ತು. ಬರಬರುತ್ತಾ ಜಪಕ್ಕೆ ಹೋಗುವಾಗ ಕಂಪ್ಯೂಟರ್ ಬಂದ್ ಮಾಡಿ, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳತೊಡಗಿದ. ದೊಡ್ಡಸ್ತಿಕೆಗೆ ಸಿಂಹಾಸನವೇ ಬೇಕೆಂದಿಲ್ಲ, ಒಂದು ಕೀಲಿ ಸಾಕು.

ಮಠದ ಅಡುಗೆಯ ಬಾಳವ್ವ ಆ ವರ್ಷ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಿದ್ದಳು. ಮದುವೆಗೆಂದು ಶಾಲೆ ಬಿಡಿಸಿದಾಗಿನಿಂದ ಅವಳಿಗಿದ್ದ ಆಸೆ ಅದೊಂದೇ. ಹಾಲ್ ಟಿಕೆಟ್‌ನಲ್ಲಿ ಹೆಸರು ತಪ್ಪಿತ್ತು. ಅದು ತಿದ್ದಿ ಬರುವುದರಲ್ಲಿ ಪರೀಕ್ಷೆಯ ದಿನವೇ ಬೆಳಗಾಯಿತು.

ಅಡುಗೆಮನೆಯ ಕಂಪ್ಯೂಟರಿನಲ್ಲಿ ಅವಳು ಪ್ರಿಂಟ್ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ಶಿಷ್ಯನ ಕೋಣೆಗೆ ಓಡಿದಳು. ಬೀಗ.

ಅವನು ದಂಡೆಯ ಬಂಡೆಯ ಮೇಲೆ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದ. ಜಪದಲ್ಲಿದ್ದಾಗ ತನ್ನನ್ನು ಯಾರೂ ಕರೆಯಬಾರದೆಂದು ಮೊದಲೇ ಹೇಳಿದ್ದ.

ಪರೀಕ್ಷಾ ಕೇಂದ್ರವಿದ್ದ ಆಚೆ ದಡಕ್ಕೆ ಹೊರಟಿದ್ದ ದೋಣಿಯಿಂದ ಅಂಬಿಗ ಹುಸೇನಸಾಬ ಕೂಗಿದ. “ಬಾಳವ್ವ, ಹತ್ತತೀಯೋ ಇಲ್ಲೋ? ಈ ಹುಡುಗೋರ್ದೂ ಪರೀಕ್ಷಾ ಐತಿ.”

ಬಾಳವ್ವ ಶಿಷ್ಯನ ಮುಂದೆ ಸೆರಗು ಹಿಂಡುತ್ತಾ ನಿಂತಳು. “ಮೃತ್ಯುಂಜಯಪ್ಪಾ,” ಅಂದಳು.

ಅವನ ರೆಪ್ಪೆ ಅಲುಗಿತು. ಕಣ್ಣು ತೆರೆಯಲಿಲ್ಲ.

ಸ್ನಾನಕ್ಕೆ ಬಂದಿದ್ದ ಗುರುಗಳು ಅದನ್ನು ನೋಡಿದರು. ಬಂದವರೇ ಅವನ ಬೆರಳಿನಿಂದ ಜಪಮಾಲೆ ಕಿತ್ತುಕೊಂಡರು.

“ಅಜ್ಜಾರ, ಜಪಾ ಇನ್ನೂ ಮುಗಿದಿಲ್ರಿ.”

“ಬೀಗಾ ತೆಗಿ.”

ಅವನು ಓಡಿದ, ಬಾಳವ್ವ ಹಿಂದೆ ಓಡಿದಳು. ಗುರುಗಳು ಮೊಣಕಾಲುದ್ದ ನೀರಿಗಿಳಿದು ದೋಣಿಯ ಹಗ್ಗ ಹಿಡಿದರು.

“ಹುಸೇನಸಾಬ, ನಾ ಬಿಡೂತನಕ ನಿಲ್ಲಪಾ.”

“ಭಾಳ ಹೊತ್ತು ನಿಲ್ಲಾಕ ಆಗೂದಿಲ್ರಿ ಅಜ್ಜಾರ. ಇವರದೂ ತಪ್ಪತೈತಿ.”

“ಗೊತ್ತೈತಿ.”

ಕೋಣೆಯಲ್ಲಿ ಕಂಪ್ಯೂಟರ್ ಚಾಲೂ ಆಯಿತು. ಆದರೆ ತೆರೆಯಲಿಲ್ಲ. ಅಪ್‌ಡೇಟ್ ನಡೆಯುತ್ತಿದೆ, ಬಂದ್ ಮಾಡಬೇಡಿ ಎಂದು ಪರದೆಯ ಮೇಲೆ ಬಂತು. ಕಿಟಕಿಯಿಂದ ದೋಣಿ ಕಾಣುತ್ತಿತ್ತು. ಹುಸೇನಸಾಬ ಹುಟ್ಟು ಕೈಗೆತ್ತಿಕೊಂಡಿದ್ದ. ಹುಡುಗರು ಎದ್ದು ನಿಂತು ಕೂಗುತ್ತಿದ್ದರು. ಗುರುಗಳ ಕೈಯಲ್ಲಿ ಹಗ್ಗ ಬಿಗಿಯುತ್ತಿತ್ತು.

ಬಾಳವ್ವ ಒಮ್ಮೆ ಪರದೆಯನ್ನು, ಒಮ್ಮೆ ದೋಣಿಯನ್ನು ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಕೊನೆಗೂ ಪರದೆ ತೆರೆಯಿತು. ಪ್ರಿಂಟರ್ ಗೊರಗುಟ್ಟಿ ಒಂದು ಹಾಳೆ ಹೊರಹಾಕಿತು. ಬಾಳವ್ವ ಅದನ್ನು ಎಳೆದುಕೊಂಡು ಓಡಿದಳು. ಅವಳು ಹತ್ತಿದ ಮೇಲೆಯೇ ಗುರುಗಳು ಹಗ್ಗ ಬಿಟ್ಟರು.

ಪ್ರಿಂಟರ್ ನಿಲ್ಲಲಿಲ್ಲ. ಅದೇ ಹಾಲ್ ಟಿಕೆಟ್ ಮತ್ತೊಂದು ಬಂತು, ಇನ್ನೊಂದು ಬಂತು. ಅವಳು ಒತ್ತಿದ್ದೆಲ್ಲ ಈಗ ಒಂದರ ಮೇಲೊಂದು ಬಂದು ಬೀಳುತ್ತಿತ್ತು. ಪ್ರತಿ ಹಾಳೆಯಲ್ಲೂ ಬಾಳವ್ವನ ಮುಖ ಇತ್ತು. ಶಿಷ್ಯನಿಗೆ ನಾಚಿಕೆಯಾಯಿತು.

ಗುರುಗಳು ಒದ್ದೆ ಕಾವಿಯಲ್ಲೇ ಒಳಗೆ ಬಂದರು.

“ಅಜ್ಜಾರ, ಜಪಮಾಲಿ ಕೊಡ್ರಿ. ಉಳಿದ ಜಪಾ ಮುಗಸ್ತೀನಿ.”

ಗುರುಗಳು ಜಪಮಾಲೆ ಕೊಡಲಿಲ್ಲ. ಬಿದ್ದ ಹಾಳೆಗಳನ್ನು ಆರಿಸಿ ಅವನ ಕೈಗಿಟ್ಟರು.

“ಇದು ಆಕಿ ಜಪಾ. ನಿನಗ ಮುಟ್ಟಲಿಲ್ಲ. ಶಿವನೂ ನಿನ್ನಂಗ ಬೀಗಾ ಹಾಕ್ಕೊಂಡು ಜಪಕ್ಕ ಕುಂತಿದ್ರ, ನಿನ್ನ ಜಪಾ ಯಾರಿಗೆ ಮುಟ್ಟತಿತ್ತು?”