ಬಾನಿಯಲ್ಲಿ ಆರು ದಿನ

“ಅಯ್ಯನವರೇ, ಇನ್ನೆಷ್ಟು ದಿನ ಪ್ರಾರ್ಥನೆ ಮಾಡಿದರೆ ನನ್ನ ಸಿಟ್ಟು ಹೋದೀತು?”

ಕೇಳಿದವನು ಕೃಪಾದಾಸ. ಅವನು ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು. ತಾಯಿ ತೀರಿಕೊಂಡಾಗ ಅಣ್ಣ ತನಗೆ ತಡವಾಗಿ ಹೇಳಿಕಳಿಸಿದನೆಂದು, ಮಣ್ಣು ಕೊಡುವ ಹೊತ್ತಿನಲ್ಲೇ, ಊರವರೆಲ್ಲರ ಮುಂದೆ ಅಣ್ಣನನ್ನು ಬಾಯಿಗೆ ಬಂದಂತೆ ಬೈದಿದ್ದ. ಆಮೇಲೆ ಊರಿನ ಕಡೆ ತಲೆ ಹಾಕಿರಲಿಲ್ಲ. ಆ ಬೆಳಿಗ್ಗೆ ಅಣ್ಣನ ಕಾಗದ ಬಂದಿತ್ತು. ಅದರಲ್ಲಿದ್ದುದು ಎರಡೇ ಮಾತು: ‘ಭಾನುವಾರ ಅವ್ವನ ನೆನಪಿನ ಪ್ರಾರ್ಥನೆ ಇಟ್ಟುಕೊಂಡಿದ್ದೇವೆ. ಈ ಸಲವಾದರೂ ಬಾ.’

“ಹೋಗುವುದಿಲ್ಲವೇ?” ಎಂದು ಆಶ್ರಮದ ಹಿರಿಯರಾದ ಅಯ್ಯನವರು ಕೇಳಿದರು.

“ಇಂಥ ನಾನು ಹೇಗೆ ಹೋಗಲಿ? ಅಣ್ಣನ ಮುಖ ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅಲ್ಲಿ ಮತ್ತೆ ನಾಲಿಗೆ ಜಾರಿದರೆ, ಎರಡು ವರ್ಷ ದೇವರ ಸನ್ನಿಧಿಯಲ್ಲಿದ್ದು ಕಲಿತದ್ದು ಇದೇನಾ ಎಂದು ಜನ ನಗುತ್ತಾರೆ. ನಲವತ್ತು ದಿನ ಉಪವಾಸ ಕೂರಲು ಅಪ್ಪಣೆ ಕೊಡಿ. ಪೂರ್ತಿ ಬದಲಾದ ಮೇಲೆ ಹೋಗುತ್ತೇನೆ.”

“ಅಪ್ಪಣೆಯ ಮಾತು ಆಮೇಲೆ. ಮೊದಲು ಇದನ್ನು ಕೇಳು,” ಎಂದು ಅಯ್ಯನವರು ಹೇಳತೊಡಗಿದರು.

ಒಬ್ಬ ಬಣ್ಣಗಾರನಿದ್ದ. ನೇಕಾರರು ತಂದುಕೊಟ್ಟ ನೂಲಿಗೆ ನೀಲಿ ಬಣ್ಣ ಹಾಕುವುದು ಅವನ ಕೆಲಸ. ಅದು ಅವನ ಮನೆತನದ ಕಸುಬಲ್ಲ. ಹೆಂಡತಿಯ ತಂದೆಗೆ ಗಂಡುಮಕ್ಕಳಿರಲಿಲ್ಲ. ಮುದುಕ ಸತ್ತ ಮೇಲೆ ನೀಲಿಯ ಬಾನಿ ಅಳಿಯನ ಕೈಗೆ ಬಂತು.

ಬಾನಿಯೆಂದರೆ ನೆಲದಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಪಾತ್ರೆ. ಅದರಲ್ಲಿ ನೀಲಿ, ಸುಣ್ಣ, ಬೆಲ್ಲ ಕಲಸಿ ಕೆಲವು ದಿನ ಹುಳಿಯಲು ಬಿಡುತ್ತಾರೆ. ಮಾವ ನೂಲನ್ನು ಅದರಲ್ಲಿ ಅದ್ದುತ್ತಿದ್ದ, ತೆಗೆದು ಹಿಂಡಿ ಬೀದಿಯ ಬದಿಗೆ ಕಟ್ಟಿದ ಗಳುವಿನ ಮೇಲೆ ಹಾಕುತ್ತಿದ್ದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದ್ದುತ್ತಿದ್ದ. ಹೀಗೆ ಎಂಟು ಹತ್ತು ಸಲ. ಅಳಿಯ ಇದನ್ನೆಲ್ಲ ನೋಡಿದ್ದ. ಹೀಗೇಕೆ ಎಂದು ಮಾತ್ರ ಯಾವತ್ತೂ ಕೇಳಿರಲಿಲ್ಲ. ಜಾಣರಿಗೆ ಕೇಳುವುದೆಂದರೆ ಸ್ವಲ್ಪ ಕಷ್ಟ.

ಒಬ್ಬ ನೇಕಾರ ಹೆಂಗಸು ಅವನಿಗೆ ಮೊದಲ ನೂಲು ತಂದುಕೊಟ್ಟಳು. “ಮಗ್ಗ ಖಾಲಿ ಕೂತಿದೆ ತಮ್ಮಾ. ಎಂಟು ದಿನದಲ್ಲಿ ಕಡುನೀಲಿ ಮಾಡಿಕೊಡು,” ಎಂದಳು. ಈ ನೂಲು ಚೆನ್ನಾಗಿ ಬಂದರೆ ಉಳಿದ ನೇಕಾರರೂ ಬರುತ್ತಾರೆ, ಕೆಟ್ಟರೆ ಮಾವನ ಬಾನಿಯನ್ನು ಮುಚ್ಚಬೇಕಾಗುತ್ತದೆ. ಇದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಅವನು ನೂಲನ್ನು ಅದ್ದಿ ತೆಗೆದ. ಮೊದಲು ಅದು ಹಸಿರು ಕಂಡಿತು. ಗಳುವಿನ ಮೇಲೆ ಹಾಕಿದ ಮೇಲೆ ಅಲ್ಲಲ್ಲಿ ತೆಳುನೀಲಿಯಾಗಿ, ಅಲ್ಲಲ್ಲಿ ಹಸಿರಾಗಿಯೇ ಉಳಿಯಿತು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, “ಏನಪ್ಪಾ, ನೀಲಿ ಮಾಡು ಅಂದರೆ ಹುಲ್ಲು ಒಣಹಾಕಿದ್ದೀಯಲ್ಲ,” ಎಂದ. ಇನ್ನೊಬ್ಬಳು ನಕ್ಕಳು.

ಬಣ್ಣಗಾರನಿಗೆ ನಾಚಿಕೆಯಾಯಿತು. ಮಾವನ ಕಾಲದಲ್ಲೂ ಜನ ಹೀಗೆಯೇ ಚೇಷ್ಟೆ ಮಾಡುತ್ತಿದ್ದರು, ಮುದುಕ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಅಷ್ಟೇ. ಇವನು ನೂಲನ್ನು ಬಾಚಿ ತಂದು ಬಾನಿಯೊಳಗೆ ಮುಳುಗಿಸಿ ಮೇಲೊಂದು ಹಲಗೆ ಮುಚ್ಚಿದ. ಕಡುನೀಲಿಯಾಗುವವರೆಗೆ ಇದನ್ನು ಯಾರ ಕಣ್ಣಿಗೂ ಬೀಳಿಸಬಾರದೆಂದು ತೀರ್ಮಾನಿಸಿದ. ಹೆಚ್ಚು ಹೊತ್ತು ಬಣ್ಣದಲ್ಲಿದ್ದರೆ ಹೆಚ್ಚು ಬಣ್ಣ ಹತ್ತುತ್ತದೆ ಎಂಬುದು ಅವನ ಯೋಚನೆ. ಕೇಳಿದರೆ ಯಾರಿಗಾದರೂ ಸರಿಯೆನಿಸುವ ಮಾತೇ.

ಆರು ದಿನ ಹಲಗೆ ತೆಗೆಯಲಿಲ್ಲ. ಏಳನೆಯ ದಿನ ನೂಲನ್ನು ಎತ್ತಿ ತೊಳೆದ. ಒಗೆದೊಗೆದು ಬಿಳಿಚಿದ ಹಳೆಯ ಬಟ್ಟೆಯಂಥ ಬಣ್ಣ. ಎಳೆಯನ್ನು ಬೆರಳಿಗೆ ಸುತ್ತಿ ಎಳೆದ, ಪಟ್ಟನೆ ಹರಿಯಿತು. ಸುಣ್ಣ ನೂಲನ್ನು ತಿಂದಿತ್ತು.

ಹೆಂಡತಿ ಬಂದು ನೋಡಿದಳು. ಬಣ್ಣಗಾರರ ಮನೆಯಲ್ಲಿ ಹುಟ್ಟಿದವಳು.

“ಬಾನಿಯಲ್ಲಿ ಬಣ್ಣ ನೂಲಿಗೆ ಸೇರುತ್ತದೆ, ಅಷ್ಟೇ ಕಣ್ರೀ. ಅದು ಕಚ್ಚಿ ನಿಲ್ಲುವುದು ಗಾಳಿಯಲ್ಲಿ. ಅಪ್ಪ ಅಷ್ಟು ಸಲ ಹೊರಗೆ ಹಾಕುತ್ತಿದ್ದದ್ದು ಒಣಗಲಿ ಅಂತ ಅಂದುಕೊಂಡಿದ್ದಿರಾ?”

ಅವನು ನೇಕಾರ ಹೆಂಗಸಿನ ಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಅವಳು ಮನಸ್ಸು ತಣಿಯುವಷ್ಟು ಬೈದಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಕಟ್ಟು ನೂಲು ತಂದು ಅವನ ಕೈಗಿಟ್ಟಳು. ಈ ಸಲ ಅವನು ಅದನ್ನು ಅದ್ದಿ ಅದ್ದಿ ಬೀದಿಯ ಬದಿಗೇ ಹಾಕಿದ. ಜನ ನಕ್ಕರು. ನಗಲಿ ಎಂದು ಬಿಟ್ಟ. ಎರಡನೆಯ ದಿನ ಸಂಜೆಗೆ ನೂಲು ಕಡುನೀಲಿಯಾಗಿತ್ತು.

ಅಯ್ಯನವರು ಕತೆ ನಿಲ್ಲಿಸಿದರು.

“ಹಾಗಾದರೆ ಉಪವಾಸ, ಪ್ರಾರ್ಥನೆ ಏನೂ ಬೇಡವೇ?” ಎಂದು ಕೃಪಾದಾಸ ಕೇಳಿದ.

“ಬೇಡವೆಂದು ಯಾರು ಹೇಳಿದರು? ಬಾನಿಗೆ ಇಳಿಯದ ನೂಲನ್ನು ವರ್ಷವಿಡೀ ಗಾಳಿಗೆ ಹಾಕು, ಬೆಳ್ಳಗೇ ಇರುತ್ತದೆ. ಹೋಗು. ಸೋತರೆ ಬಂದು ಮತ್ತೆ ಮೊಣಕಾಲೂರು. ಮತ್ತೆ ಹೋಗು.”

ಕೃಪಾದಾಸನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. “ಅಣ್ಣನ ಕಣ್ಣಿಗೆ ನನ್ನ ಸಿಟ್ಟು ಮತ್ತೆ ಕಂಡುಬಿಟ್ಟರೆ ಏನು ಮಾಡಲಿ, ಅಯ್ಯನವರೇ?” ಎಂದ.

“ಅದನ್ನು ಪೂರ್ತಿ ಕಂಡ ಮೇಲೆಯೇ ಅಲ್ಲವೇನೋ, ಅವನು ಬಾ ಎಂದು ಬರೆದಿರುವುದು?”